ಅರಿಶಿನದ ಚೀಟಿ

ಹೊಳೆಯ ನೀರು ಕೆಲವು ದಿನ ಬಾಯಿ ಸುಡುವ ಕ್ಷಾರವಾಗಿ ಬರುತ್ತದೆ. ಹಾಗಾಗಿ ಕುಡಿಯುವ ಮೊದಲು ಮನೆಯ ಮಕ್ಕಳು ಅದರಲ್ಲಿ ಅರಿಶಿನ ಬಳಿದ ಚೀಟಿ ಅದ್ದಿ ನೋಡಬೇಕು; ಕ್ಷಾರವಿದ್ದರೆ ಚೀಟಿ ಕೆಂಪಾಗುತ್ತದೆ. ಇವತ್ತು ತಂಗಿ ಗಿರಿಜೆಯ ಚೀಟಿ ಕೆಂಪಾಯಿತು.

“ಚೆಲ್ಲಿಬಿಡು,” ಎಂದ ಊರಿಗೆ ನೀರು ಹಂಚುವ ನೀರಗಂಟಿ ದುರುಗಣ್ಣ. “ಇನ್ನು ನಾಡಿದ್ದೇ ನೀರು.”

ತೊಟ್ಟಿಲಲ್ಲಿ ಅಣ್ಣನ ಕೂಸು ಬಾಯಾರಿ ಅಳುತ್ತಿತ್ತು. ನಾನು ಚೀಟಿ ಎತ್ತಿ ನೋಡಿದೆ. ಕೆಂಪು ಒಂದು ಬೆರಳಚ್ಚಿನಷ್ಟಿತ್ತು, ಉಳಿದದ್ದು ಹಳದಿ.

“ಚೀಟಿ ಯಾರು ಕೊಟ್ರೇ?”

“ಅಜ್ಜಿ,” ಎಂದಳು ಗಿರಿಜೆ.

ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ಬೆರಳು ಮಡಚಿಕೊಂಡಳು.

“ದುರುಗಣ್ಣ ಮಾವ, ಇದು ಅಜ್ಜಿಯ ಸುಣ್ಣದ ಕೆಂಪು.”

“ಎರಡನೇ ಚೀಟಿ ಅದ್ದೋ ಹಾಗಿಲ್ಲ. ಅಷ್ಟು ಧೈರ್ಯ ಇದ್ರೆ ನೀನೇ ಕುಡಿ.”

ನಾನು ಲೋಟ ತುಂಬಿ ಕುಡಿದೆ. ದುರುಗಣ್ಣ ನನ್ನ ತುಟಿಯನ್ನೇ ನೋಡುತ್ತ ನಿಂತ. ನಾಲಿಗೆ ತಣ್ಣಗಿತ್ತು.

“ಕೂಸಿಗೆ ನಾನೇ ಕುಡಿಸ್ತೀನಿ, ಅಜ್ಜಿ,” ಎಂದೆ. “ನೀನು ಮೊದಲು ಕೈ ತೊಳ್ಕೊ.”