ಒಪ್ಪಿದ ಗಿಡ

ಅಂಗಳಕ್ಕೆ ಸಂಪಿಗೆ ಬೇಕೆಂದು ಭಾಗೀರಥಿ ನರ್ಸರಿಗೆ ಹೋದಳು. ಅವಳು ಹತ್ತಿರ ನಿಂತೊಡನೆ ಸಂಪಿಗೆ ಸಸಿಗಳೆಲ್ಲ ಎಲೆ ತಿರುಗಿಸಿಕೊಂಡವು. ಮೂಲೆಯ ಹುಣಸೆ ಸಸಿ ಮಾತ್ರ ಅವಳತ್ತ ಬಾಗಿತು.

“ಒಪ್ಪದ ಗಿಡ ಬೇರು ಬಿಡೋದಿಲ್ಲ ತಾಯಿ, ನಿಮಗೇ ಗೊತ್ತಲ್ಲ,” ಎಂದ ನರ್ಸರಿಯ ಇಮಾಮಸಾಬ. ಗೊತ್ತಿತ್ತು. ಹೋದ ವರ್ಷ ಹಟ ಮಾಡಿ ಒಯ್ದ ಪಾರಿಜಾತ ವಾರದಲ್ಲೇ ಒಣಗಿತ್ತು.

ಏನೂ ತೋಚದೆ ಹುಣಸೆಯನ್ನೇ ತಂದು ನೆಟ್ಟಳು.

“ಮನೆ ಮುಂದೆ ಯಾರಾದರೂ ಹುಣಸೆ ನೆಡ್ತಾರೇನೇ? ದೆವ್ವ ಬಂದು ಕೂರುತ್ತೆ!” ಅತ್ತೆ ಸಿಟ್ಟಿನಿಂದ ಹೊರಗೆ ಬಂದರು.

“ನನ್ನನ್ನ ಒಪ್ಪಿದ್ದು ಅದೊಂದೇ ಅತ್ತೆ. ನಾನೇನು ಮಾಡಲಿ?”

ಅತ್ತೆ ಕೀಳಲು ಬಗ್ಗಿದರು. ಸಸಿ ಭಾಗೀರಥಿಯನ್ನು ಬಿಟ್ಟು ಮೆಲ್ಲಗೆ ಅವರತ್ತ ವಾಲಿತು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅತ್ತೆ ಹಾಗೇ ನಿಂತರು.

“ಇಷ್ಟು ವರ್ಷದಲ್ಲಿ ಒಂದು ಗಿಡವೂ ನನ್ನ ಕಡೆ ತಿರುಗಿರಲಿಲ್ಲ ಕಣೇ,” ಎಂದವರು ಒಳಗೆ ಹೋಗಿ, ಚೊಂಬು ತುಂಬ ನೀರು ತಂದರು.