ಅರಮನೆ ನೋಡಿ ಬಂದ ಸಂಜೆ

ಬಳೆ ಅಂಗಡಿಯಲ್ಲಿ ಕೈಗೆ ಹಚ್ಚುವ ಸೋಪಿನ ನೊರೆಯ ವಾಸನೆ ಬಂದರೆ ಈಗಲೂ ನಾನು ಬಳೆ ಕೊಳ್ಳದೆ ಎದ್ದು ಬರುತ್ತೇನೆ.

ನನಗಾಗ ಎಂಟು ವರ್ಷ. ಚಿಕ್ಕಮ್ಮನ ಮದುವೆಯಾಗಿ ಹತ್ತು ದಿನವೂ ಆಗಿರಲಿಲ್ಲ. ಅವತ್ತು ಬೆಳಿಗ್ಗೆ ಭದ್ರಾವತಿಯಿಂದ ಗಂಡನ ಜೊತೆ ಶಿವಮೊಗ್ಗಕ್ಕೆ, ಅವಳ ತವರಾದ ನಮ್ಮ ಮನೆಗೆ ಬಂದಿದ್ದಳು. ಹೊಸ ಜೋಡಿ ಇಬ್ಬರೇ ಹೋಗಬಾರದೆಂದು, ಕೋಟೆಯ ಅರಮನೆ ನೋಡಲು ಹೊರಟವರ ಜೊತೆ ಅಜ್ಜಿ ನನ್ನನ್ನೂ ಕಳಿಸಿದಳು.

ಬಿಸಿಲಲ್ಲಿ ಸುತ್ತಿ ಸುತ್ತಿ ಸಾಕಾದ ಚಿಕ್ಕಮ್ಮ ಅರಮನೆಯ ಅಂಗಳದಲ್ಲೇ ಕೂತುಬಿಟ್ಟಳು. "ಏಳೇ, ಜನ ನೋಡ್ತಿದಾರೆ" ಎಂದು ಚಿಕ್ಕಪ್ಪ ಅವಳ ಮುಂಗೈ ತಿರುಚಿದರು. ಮದುವೆಯ ಹಸಿರು ಬಳೆಗಳು ಒಡೆದು ರಕ್ತ ಬಂತು. ಅವರು ಮುಂದೆ ಹೋದ ಮೇಲೆ ಚಿಕ್ಕಮ್ಮ ನನ್ನ ಕಿವಿಯಲ್ಲಿ, "ನಾನು ವಾಪಸ್ ಹೋಗಲ್ಲ ಅಂತ ಅಮ್ಮಂಗೆ ಹೇಳೇ ಪುಟ್ಟಿ. ನಂಗೆ ಬಾಯಿ ಬರಲ್ಲ" ಎಂದಳು.

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ನನ್ನ ತಲೆ ಸವರಿ, "ನಾನು ನೋಡ್ಕೋತೀನಿ, ಯಾರಿಗೂ ಹೇಳ್ಬೇಡ" ಎಂದಳು. ನನಗೆ ಎಷ್ಟೋ ಸಮಾಧಾನವಾಯಿತು.

ಸಂಜೆ ಅಜ್ಜಿ ಬಚ್ಚಲಿಂದ ಸೋಪು ತಂದು, ಚಿಕ್ಕಮ್ಮನ ಕೈಗೆ ನೊರೆ ಹಚ್ಚಿ, ಗಾಯದ ಮೇಲೆಯೇ ಹೊಸ ಬಳೆ ಏರಿಸಿದಳು. "ಬಿಸಿಲಲ್ಲಿ ತಿರುಗಿ ಸುಸ್ತಾಗಿದೆ, ಅಷ್ಟೇ. ಬೇಗ ಹೊರಡಿ, ಬಸ್ಸಿಗೆ ಹೊತ್ತಾಯ್ತು."

"ಇವಳು ನಿಂಗೇನೂ ಹೇಳ್ಲಿಲ್ವಾ ಅಮ್ಮಾ?" ಚಿಕ್ಕಮ್ಮ ನನ್ನತ್ತ ತೋರಿಸಿ ಕೇಳಿದಳು.

"ಇಲ್ವಲ್ಲ" ಎಂದಳು ಅಜ್ಜಿ, ನೊರೆ ಒರೆಸುತ್ತಾ.

ನನಗೂ ಬಾಯಿ ಬರಲಿಲ್ಲ. ಚಿಕ್ಕಮ್ಮ ನನ್ನ ಮುಖ ಸಹ ನೋಡದೆ ಬಸ್ಸು ಹತ್ತಿದಳು.