ಹಿಂದಿನ ಸೀಟಿನ ತೀರ್ಪು

ಟೊಮೆಟೊ ಕೊಯ್ಲಿನ ಭರಾಟೆ. ಬೆಳಗಿನ ಕೊಯ್ಲು ಮುಗಿದು, ತುಂಬಿದ ಕ್ರೇಟುಗಳು ರಸ್ತೆ ಬದಿಗೆ ಬಂದು ಸಾಲಾಗಿ ಕೂತಿದ್ದವು. ಅಂಥ ದಿನ ವ್ಯಾನಣ್ಣ ಮಾತ್ರ ಪೇಟೆಯಂಚಿನ ಹಳೇ ಗಾಡಿಗಳ ಅಂಗಳದಲ್ಲಿ ಅಂಗಾತ ಮಲಗಿದ್ದ. ತಲೆ ಒಂದು ಬಿಳಿ ವ್ಯಾನಿನ ಕೆಳಗೆ, ಕಾಲು ಹೊರಗೆ.

ಹನ್ನೊಂದು ಹೆಂಗಸರನ್ನು ದಿನಾ ಹೊಲಕ್ಕೆ ಕರೆದೊಯ್ದು ಕರೆತರುವುದು ಅವನ ಕಸುಬು. ಹೋದ ವಾರ ಅವನ ವ್ಯಾನಿನ ಎಂಜಿನ್ ಕೊನೆಯ ಬಾರಿ ಕೆಮ್ಮಿ ಕಣ್ಣು ಮುಚ್ಚಿತ್ತು. ಆ ಹೆಂಗಸರ ಮುಂದಾಳು ಅವನ ಸೋದರತ್ತೆಯೇ. ಆಕೆ ಇವತ್ತು ಬೆಳಿಗ್ಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು.

“ನೋಡಪ್ಪಾ, ನಿನ್ನ ಗಾಡೀಲಿ ಕೂತೂ ಕೂತೂ ನಮ್ಮ ಸೊಂಟ ಕಳಚಿಹೋಯ್ತು. ನಾಳೆ ಬೆಳಿಗ್ಗೆಗೆ ಒಳ್ಳೆ ಸೀಟಿನ ವ್ಯಾನು ತಂದ್ಯೋ ಸರಿ. ಇಲ್ಲಾಂದ್ರೆ ಪಕ್ಕದೂರಿನವನ ಗಾಡಿ ಹತ್ತುತೀವಿ. ಅತ್ತೆ-ಅಳಿಯ ಅನ್ನೋದೆಲ್ಲ ಮನೇಲಿಟ್ಕೋ.”

ಜೇಬಿನಲ್ಲಿದ್ದದ್ದು ಮೂರು ಲಕ್ಷ. ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ. ಬೆಳಗಿನಿಂದ ನೋಡಿದ ಐದು ಗಾಡಿಗಳಲ್ಲಿ, ದುಡ್ಡಿಗೆ ಒಗ್ಗಿದ್ದು ಮೈಗೆ ಒಗ್ಗಲಿಲ್ಲ. ಮೈಗೆ ಒಗ್ಗಿದ್ದು ದುಡ್ಡಿಗೆ ಒಗ್ಗಲಿಲ್ಲ. ಇದು ಆರನೆಯದು. ರಸ್ತೆಗೆ ಮುಖ ಮಾಡಿ, ಬಾಗಿಲು ತೆರೆದುಕೊಂಡು ನಿಂತಿತ್ತು.

ಆಯಿಲ್ ಸೋರಿಲ್ಲ. ಸ್ಪ್ರಿಂಗಿನ ಪಟ್ಟಿ ಮುರಿದಿಲ್ಲ. ವ್ಯಾನಣ್ಣ ತೆವಳಿ ಹೊರಬಂದು, ಬೆನ್ನಿನ ಮಣ್ಣು ಕೊಡವಿ ಒಳಗೆ ಇಣುಕಿದ. ಹಿಂದಿನ ಸೀಟಿನ ಮೂಲೆಯಲ್ಲಿ ಅಜ್ಜಿಯೊಬ್ಬಳು ಕೂತಿದ್ದಳು. ಚಪ್ಪಲಿ ಕೆಳಗೆ ಬಿಟ್ಟು, ಕಾಲು ಮಡಚಿಕೊಂಡು, ಸ್ವಂತ ಮನೆಯ ಜಗಲಿಯ ಮೇಲಿದ್ದಂತೆ.

ಅಷ್ಟರಲ್ಲಿ ವ್ಯಾಪಾರಿ ತಗಡಿನ ಆಫೀಸಿನಿಂದ ಓಡೋಡಿ ಬಂದ. ಬಂದವನೇ ಮೊದಲು ನೋಡಿದ್ದು ಹಿಂದಿನ ಸೀಟನ್ನು.

“ಅಮ್ಮಾ, ಆರಾಮಾಗಿ ಕೂತ್ಕೊಳ್ಳಿ. ನೀರು ಬೇಕಾ?”

“ನೀರು ಬೇಡಪ್ಪ. ಸೀಟು ಮೆತ್ತಗಿದೆ. ಈ ಕಿಟಕಿ ಮಾತ್ರ ಜಪ್ಪಯ್ಯ ಅಂದ್ರೂ ಜಗ್ಗಲ್ಲ.”

ವ್ಯಾಪಾರಿ ಎಣ್ಣೆ ತಂದು ಕಿಟಕಿಯ ಸಂದಿಗೆ ಬಿಟ್ಟು, ಎಳೆದು ಸರಿಮಾಡಿದ. ವ್ಯಾನಣ್ಣನ ಮನಸ್ಸು ಅರ್ಧ ಅಲ್ಲೇ ಕರಗಿತು. ಮಗನ ಸರಕಿನ ಹುಳುಕನ್ನು ಗಿರಾಕಿಯ ಎದುರೇ ಹೇಳುವ ತಾಯಿ; ಅದನ್ನು ಕೇಳಿಸಿಕೊಳ್ಳುವ ಮಗ. ಇಂಥ ಮನೆತನದವರು ಎಂಜಿನ್ನಿನಲ್ಲಿ ಮೋಸ ಮಾಡುತ್ತಾರೆಯೇ?

ಓಡಿಸಿ ನೋಡಲು ಹೊರಟರು. ವ್ಯಾಪಾರಿ ಪಕ್ಕದಲ್ಲಿ, ಅಜ್ಜಿ ಹಿಂದೆ. ವ್ಯಾನಣ್ಣ ಬೇಕೆಂದೇ ಪೇಟೆಯ ಹಾಳು ರಸ್ತೆ ಹಿಡಿದ. ಹಂಪಿನ ಮೇಲೆ ನಿಧಾನ ಮಾಡದೆ ಹಾರಿಸಿದ. ಇಬ್ಬರೂ ಒಟ್ಟಿಗೆ ಹಿಂದೆ ತಿರುಗಿ ಕೇಳಿದರು.

“ಅಮ್ಮಾ, ಹೇಗಿದೆ?”

“ಹೋದ ತಿಂಗಳಿನ ಗಾಡಿಗಿಂತ ಎಷ್ಟೋ ವಾಸಿ. ಅದರಲ್ಲಿ ತಲೆ ಹೋಗಿ ಮೇಲಕ್ಕೆ ಬಡಿದಿತ್ತು.”

ಹಾಗಾದರೆ ಬಂದ ಗಾಡಿಯನ್ನೆಲ್ಲ ತಾಯಿಯನ್ನು ಕೂರಿಸಿ ಪರೀಕ್ಷೆ ಮಾಡುತ್ತಾನೆ! ವ್ಯಾನಣ್ಣ ಮನಸ್ಸಿನಲ್ಲೇ ಭೇಷ್ ಅಂದ. ಎರಡನೇ ಸುತ್ತಿಗೆ ಹಿಂದಿನಿಂದ ಗೊರಕೆ ಕೇಳಿತು. ಹಾಳು ರಸ್ತೆಯಲ್ಲಿ ಗೊರಕೆ! ಸೋದರತ್ತೆಯ ಬಾಯಿ ಮುಚ್ಚಿಸಲು ಇನ್ನೇನು ಬೇಕು?

ಅಂಗಳಕ್ಕೆ ಮರಳಿದ ಮೇಲೆ ಹಗ್ಗಜಗ್ಗಾಟ ಶುರುವಾಯಿತು.

“ಮೂರೂ ಮುಕ್ಕಾಲು,” ಎಂದ ವ್ಯಾಪಾರಿ.

“ಎರಡೂ ಮುಕ್ಕಾಲು.”

“ಟೈರಿನ ದುಡ್ಡೂ ಬರಲ್ಲ ಸ್ವಾಮಿ.”

“ಟೈರು ನನ್ನ ತಲೆಗಿಂತ ನುಣ್ಣಗಿದೆಯಲ್ಲ ಸ್ವಾಮಿ.”

ಏರಿ ಇಳಿದು ವ್ಯಾಪಾರಿ ಮೂರೂ ಕಾಲಿಗೆ ನಿಂತ, ವ್ಯಾನಣ್ಣ ಮೂರಕ್ಕೆ. ಆಮೇಲೆ ಇಬ್ಬರೂ ಜಗ್ಗಲಿಲ್ಲ. ಹೊತ್ತು ಜಾರುತ್ತಿತ್ತು. ಈ ವ್ಯಾನು ತಪ್ಪಿದರೆ ನಾಳೆ ಹನ್ನೊಂದು ಸವಾರಿ ಪಕ್ಕದೂರಿನವನ ಪಾಲು. ವ್ಯಾನಣ್ಣ ಮುಖದ ಬೆವರು ಒರೆಸಿಕೊಂಡ.

ಹಿಂದಿನ ಸೀಟಿಗೆ ಎಚ್ಚರವಾಯಿತು.

“ಏನ್ರಪ್ಪಾ ನಿಮ್ಮದು? ಗಾಡಿಯವರ ಜಗಳ ಯಾವತ್ತೂ ಇದ್ದದ್ದೇ. ಇವನು ಪಾಪ ಬೆವೆತು ನೀರಾಗಿದಾನೆ. ಇವನು ಹೇಳಿದಷ್ಟಕ್ಕೆ ಒಪ್ಕೊಂಡು ಕಳಿಸಬಾರದಾ? ಕತ್ತಲಾಗೋದ್ರೊಳಗೆ ನಾನು ಮನೆ ಸೇರಬೇಕು.”

ವ್ಯಾಪಾರಿ ಅಜ್ಜಿಯತ್ತ ನೋಡಿದ. ತಲೆ ಕೆರೆದುಕೊಂಡ. ನಿಟ್ಟುಸಿರು ಬಿಟ್ಟ.

“ಅಮ್ಮನ ಮುಖ ನೋಡಿ ಬಿಡ್ತಿದೀನಿ. ಮೂರಕ್ಕೇ ತಗೊಂಡ್ಹೋಗಿ. ಹಿರಿಯರ ಮಾತು ಮೀರಿ ವ್ಯಾಪಾರ ಮಾಡಿದ್ರೆ ದಕ್ಕಲ್ಲ.”

ಕಾಗದಕ್ಕೆ ಸಹಿ ಬಿತ್ತು. ದುಡ್ಡು ಆ ಕೈಗೆ, ಕೀಲಿಕೈ ಈ ಕೈಗೆ. ವ್ಯಾನಣ್ಣನಿಗೆ ಕಣ್ಣು ತುಂಬಿ ಬಂದಂತಾಯಿತು. ಸ್ಟೇರಿಂಗ್ ಹಿಡಿದು ಕೂತು ಹೇಳಿದ:

“ಅಮ್ಮನ ಉಪಕಾರ ನಾನು ಮರೆಯಲ್ಲ. ಸರಿ, ಅವರನ್ನ ಇಳಿಸ್ಕೊಳ್ಳಿ. ನಾನು ಹೊರಡ್ತೀನಿ.”

“ಇಳಿಸ್ಕೊಳ್ಳೋದಾ?” ವ್ಯಾಪಾರಿ ನಕ್ಕ. “ಚೆನ್ನಾಗಿದೆ! ಗಾಡಿ ಹೊಡ್ಕೊಂಡು ಹೋಗಿ, ನಿಮ್ಮ ತಾಯೀನ ನನ್ನ ಅಂಗಳದಲ್ಲಿ ಬಿಟ್ಟು ಹೋಗ್ತೀರಾ?”

“ನನ್ನ ತಾಯಿ? ಇವರು ನಿಮ್ಮ…”

ವ್ಯಾಪಾರಿಯ ನಗು ಅರ್ಧಕ್ಕೆ ನಿಂತಿತು. ಇಬ್ಬರೂ ಹಿಂದೆ ತಿರುಗಿದರು.

“ಸವಾರಿ ಹುಡುಕ್ತಾ ಊರೆಲ್ಲ ಎರಡು ಸುತ್ತು ಹೊಡೆದ್ರೂ ಒಂದು ನರಪಿಳ್ಳೆ ಹತ್ತಲಿಲ್ಲವಲ್ಲ ಡ್ರೈವರಪ್ಪಾ,” ಎನ್ನುತ್ತ ಅಜ್ಜಿ ಚಿಲ್ಲರೆ ಚಾಚಿದಳು, “ತಗೋ, ಸೇತುವೆ ಹತ್ತಿರದ ಹಳ್ಳಿಗೆ ಒಂದು ಸೀಟು; ಗಾಡಿ ತುಂಬೋವರೆಗೂ ಕಾಯೋದಾದ್ರೆ ಈಗಲೇ ಹೇಳು, ನಾನು ಬೇರೆ ವ್ಯಾನು ನೋಡ್ಕೋತೀನಿ.”